ಪುಣೆಯ ಸೋಜು, ನಮ್ಮೂರ ಸಾರಾಯಿ, 14 ಮುಖದ ದಾಳ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಅಲ್ಲಿ ಸಮಯ ಸಾಲದೆ ಬಿಟ್ಟಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಕುಡಿಯೋದಿಲ್ಲ. ನಮ್ಮ ಸೋದರಮಾವ ಪ್ಯಾಕೆಟ್ ಸಾರಾಯಿಗೆ ಬಲಿಯಾದವರು. ಹಾಗಾಗಿ ಕುಡಿತದ ಇತಿಹಾಸ ಅಂದ್ರೆ ನನಗೆ ಬರೀ ಮಜದ ವಿಷಯ ಅಲ್ಲ. ಆದರೂ ಪುಣೆಯಲ್ಲಿ ಕಳೆದ ಒಂದು ಸಂಜೆ ನನ್ನನ್ನು ಈ ಇತಿಹಾಸದೊಳಗೆ ಎಳೆದುಕೊಂಡು ಹೋಯಿತು.

ನಮ್ಮ ಚಿಕ್ಕಪ್ಪನ ಮಗ ಪುಣೆ ಹತ್ತಿರದ ಚಾಕಣದಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಇದ್ದಾನೆ. ಪುಣೆ ಸುತ್ತ ಈಗ ಕೊರಿಯನ್ನರು ಬಹಳ. ರಾಂಜಣಗಾಂವ್‌ನಲ್ಲಿ ಎಲ್‌ಜಿ ಕಾರ್ಖಾನೆ ಇದೆ, ತಳೇಗಾಂವ್‌ನಲ್ಲಿ ಮೊದಲು ಜನರಲ್ ಮೋಟಾರ್ಸ್ ಕೈಯಲ್ಲಿದ್ದ ಕಾರ್ಖಾನೆಯನ್ನು ಹ್ಯುಂಡೈ ಕೊಂಡುಕೊಂಡಿದೆ. ಅವರು ಬಂದಮೇಲೆ ಅವರ ಊಟ ಬರಲೇಬೇಕಲ್ಲ, ಕೊರಿಯನ್ ಹೋಟೆಲುಗಳೂ ಬಂದವು. "ಅಣ್ಣಾ, ನಮ್ಮ ಸಾಹೇಬ್ರು ಎಲ್ಲಾರ್ನೂ ಊಟಕ್ಕ ಕರದಾರ, ನೀನೂ ಬಾ" ಅಂದ. ಹೋದೆ.

ಮೇಜಿನ ನಡುವೆ ಒಲೆ. ಅದರ ಮೇಲೆ ಹಂದಿಮಾಂಸದ ಪಟ್ಟಿಗಳು ಚುರುಗುಟ್ತಾ ಇದ್ದವು. ಬೆಂದ ತುಂಡನ್ನು ಎಲೆಯಲ್ಲಿಟ್ಟು, ಬೆಳ್ಳುಳ್ಳಿ, ಖಾರದ ಮುದ್ದೆ ಸೇರಿಸಿ, ಸುತ್ತಿ, ಒಂದೇ ತುತ್ತಿಗೆ ಬಾಯಿಗೆ. ಸುತ್ತಲೂ ಸಣ್ಣ ಸಣ್ಣ ಬಟ್ಟಲಲ್ಲಿ ಕಿಮ್ಚಿ, ಮೊಳಕೆಕಾಳು, ಸೊಪ್ಪು. ಖಾಲಿಯಾದಂಗೆ ತಂದು ಹಾಕ್ತಾರೆ, ದುಡ್ಡಿಲ್ಲ. ನಮ್ಮ ಧಾರವಾಡದ ಖಾನಾವಳಿ ನೆನಪಾಯಿತು. ಕಿಮ್ಚಿಯ ಕೆಂಪೂ ನಮ್ಮ ಬ್ಯಾಡಗಿ ಥರ, ಖಾರಕ್ಕಿಂತ ಬಣ್ಣ ಜಾಸ್ತಿ. ನಮಗೆ ಮೆಣಸಿನಕಾಯಿ ತಂದವರು 16ನೇ ಶತಮಾನದ ಪೋರ್ಚುಗೀಸರು. ಕೊರಿಯಾಕ್ಕೂ ಅದು ಹೆಚ್ಚುಕಡಿಮೆ ಅದೇ ಶತಮಾನದ ಕೊನೆಯ ಹೊತ್ತಿಗೆ ಬಂತು ಅಂತಾರೆ. ಅದಕ್ಕೂ ಮುಂಚೆ ಕಿಮ್ಚಿ ಅಂದ್ರೆ ಬರೀ ಉಪ್ಪಲ್ಲಿ ಹಾಕಿದ ತರಕಾರಿ.

ಆಮೇಲೆ ಬಂತು ಹಸಿರು ಬಾಟಲಿ, ಸೋಜು.

ಈ ಹೆಸರಿನ ಅರ್ಥ 'ಸುಟ್ಟ ಮದ್ಯ'. ನಾವು 'ಭಟ್ಟಿ ಇಳಿಸೋದು' ಅಂತೀವಲ್ಲ, ಅದೇ ಬೆಂಕಿ. 13ನೇ ಶತಮಾನದಲ್ಲಿ ಮಂಗೋಲರು ಕೊರಿಯಾದ ಮೇಲೆ ದಂಡೆತ್ತಿ ಹೋದರು. ಭಟ್ಟಿ ಇಳಿಸುವ ವಿದ್ಯೆ ಪಶ್ಚಿಮ ಏಷ್ಯಾದಿಂದ ಅವರ ಮೂಲಕ ಅಲ್ಲಿಗೆ ತಲುಪಿತು ಅನ್ನೋದು ಇತಿಹಾಸಕಾರರ ಮಾತು. ಜಪಾನಿನ ಮೇಲೆ ದಂಡೆತ್ತಲು ಮಂಗೋಲರು ನೆಲೆ ಮಾಡಿಕೊಂಡಿದ್ದ ಆಂಡೋಂಗ್ ಊರು ಇವತ್ತಿಗೂ ಸೋಜುಗೆ ಹೆಸರುವಾಸಿ. ಹಳೆಯ ರಾಜಧಾನಿ ಕೇಸಾಂಗ್‌ನಲ್ಲಿ ಸೋಜುವನ್ನು 'ಅರಕ್‌ಜು' ಅಂತಲೇ ಕರೀತಿದ್ದರು. ಅರಕ್ ಅರಬ್ಬಿ ಮಾತು, ಅರ್ಥ ಬೆವರು. ಭಟ್ಟಿಯ ಕೊಳವೆಯಲ್ಲಿ ಆವಿ ತಣ್ಣಗಾಗಿ ಹನಿ ಹನಿಯಾಗಿ ಇಳಿಯುತ್ತದಲ್ಲ, ಆ ಬೆವರು. ನಮ್ಮ ಸಾರಾಯಿಯನ್ನು ಸರ್ಕಾರಿ ಇಂಗ್ಲಿಷಿನಲ್ಲಿ ಏನಂತಿದ್ದರು ಗೊತ್ತಲ್ಲ? 'ಅರ‍್ಯಾಕ್'. ನಮ್ಮ ಮಾವನ ಪ್ಯಾಕೆಟ್ಟೂ ಈ ಹಸಿರು ಬಾಟಲಿಯೂ ಒಂದೇ ಹೆಸರಿನ ಸಂಬಂಧಿಕರು!

ಇದನ್ನೆಲ್ಲ ಯೋಚಿಸ್ತಾ ಕೂತಿದ್ದಾಗ ಹಿರಿಯ ಕೊರಿಯನ್ ಸಾಹೇಬರು ಎರಡೂ ಕೈಯಲ್ಲಿ ಬಾಟಲಿ ಹಿಡಿದು ನನ್ನ ಲೋಟಕ್ಕೆ ಬಗ್ಗಿಸಿದರು. ಅಲ್ಲಿ ಯಾರೂ ತಮ್ಮ ಲೋಟಕ್ಕೆ ತಾವೇ ಹಾಕಿಕೊಳ್ಳುವಂತಿಲ್ಲ. ಹಿರಿಯರು ಕೊಟ್ಟರೆ ಎರಡೂ ಕೈಯಲ್ಲಿ ತಗೋಬೇಕು, ಮುಖ ಪಕ್ಕಕ್ಕೆ ತಿರುಗಿಸಿ ಕುಡೀಬೇಕು. ಇದು ನಿನ್ನೆ ಮೊನ್ನೆಯದಲ್ಲ. 1392ರಲ್ಲಿ ಶುರುವಾದ ಜೋಸನ್ ರಾಜ್ಯದಲ್ಲಿ ಊರ ಹಿರಿಯರನ್ನು ಗೌರವದಿಂದ ಕೂರಿಸಿ ಕುಡಿತದ ಮರ್ಯಾದೆ ಕಲಿಸುವ ಒಂದು ವಿಧಿಯೇ ಇತ್ತು. ಕುಡಿಯೋದನ್ನು ಹಿರಿಯರ ಹತ್ತಿರವೇ ಕಲಿಯಬೇಕು ಅಂತ ಈಗಲೂ ಅಲ್ಲಿ ಹೇಳ್ತಾರೆ.

ನಮ್ಮ ಕಡೆ? ಹಿರಿಯರ ಎದುರು ಕುಡಿಯೋದಾ, ಶಿವ ಶಿವಾ! ನಮ್ಮ ಮಾವ ಅಂಗಡಿ ಹಿಂದೆ ನಿಂತು, ಪ್ಯಾಕೆಟ್ ಹಲ್ಲಲ್ಲಿ ಹರಿದು, ಒಂದೇ ಗುಟುಕಿಗೆ ಇಳಿಸಿ ಬರ್ತಿದ್ದರು. ಊಟವಿಲ್ಲ, ಮಾತಿಲ್ಲ, ಸಾಕು ಅನ್ನೋರೂ ಇಲ್ಲ. ಅವರ ಕುಡಿತಕ್ಕೆ ಒಂದು ಮೇಜೇ ಇರಲಿಲ್ಲ.

ಹಂಗಂತ ಮೇಜಿದ್ದರೆ ಎಲ್ಲ ಸರಿಹೋಯ್ತು ಅಂದ್ಕೋಬೇಡಿ. ನಾನು ಲೋಟದ ಮೇಲೆ ಅಂಗೈ ಇಟ್ಟೆ. ಮೇಜು ಗಪ್ಪಾಯಿತು. ತಮ್ಮನ ಮುಖ ಬಿಳಿಚಿಕೊಂಡಿತು, ಅವನ ನೌಕರಿ ಅಲ್ಲವಾ! ಹಿರಿಯರು ಕೊಟ್ಟದ್ದನ್ನು ಬೇಡ ಅನ್ನೋದು ಅಲ್ಲಿ ಅವಮಾನ ಅಂತ ಆ ಕ್ಷಣಕ್ಕೆ ಅರ್ಥವಾಯಿತು. ಮರ್ಯಾದೆ ಅನ್ನೋದೇ ಬಲವಂತವೂ ಆಗಬಹುದು. ಯಾಕೆ ಅಂತ ಸಾಹೇಬರು ಕೇಳಿದರು. ಮಾವನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಲೋಟ ತಗೊಂಡು ತಾವೇ ಕುಡಿದು, ಅದೇ ಲೋಟಕ್ಕೆ ನೀರು ಹಾಕಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು. ಒಬ್ಬರ ಪಾಲನ್ನು ಇನ್ನೊಬ್ಬರು ಕುಡಿದರೆ ಅವರನ್ನು 'ಕಪ್ಪು ಯೋಧ' ಅಂತಾರಂತೆ, ತಮ್ಮ ಆಮೇಲೆ ಹೇಳಿದ.

ಮುಂದೆ ಆಟ. ಸರದಿ ಪ್ರಕಾರ ಎಣಿಸ್ತಾ ಹೋಗಬೇಕು. 3, 6, 9 ಇರುವ ಸಂಖ್ಯೆ ಬಂದರೆ ಬಾಯಿ ಮುಚ್ಚಿ ಚಪ್ಪಾಳೆ ಹೊಡೀಬೇಕು. ನಾನು 13ರಲ್ಲೇ ಸೋತೆ. ಕುಡಿಯುವಂತಿಲ್ಲ, ಹಾಡು ಅಂದರು. ನಮ್ಮಜ್ಜಿ ಬೀಸುವಾಗ ಹೇಳ್ತಿದ್ದ ಒಂದು ಪದ ಹಾಡಿದೆ. ಮರಾಠಿ ಹುಡುಗರು ತಾಳ ಹಾಕಿದರು.

ರೂಮಿಗೆ ಬಂದು ಓದ್ತಾ ಕೂತಾಗ ಒಂದು ದಾಳದ ಕಥೆ ಸಿಕ್ಕಿತು. ಕೊರಿಯಾದ ಗ್ಯೋಂಗ್‌ಜು, ಹಳೆಯ ಸಿಲ್ಲಾ ರಾಜ್ಯದ ರಾಜಧಾನಿ. ಅಲ್ಲಿನ ಅರಮನೆಯ ಕೊಳದ ಕೆಸರಿನಲ್ಲಿ 1975ರಲ್ಲಿ ಮರದ ಒಂದು ದಾಳ ಸಿಕ್ಕಿತು. ನಮ್ಮ ಪಗಡೆಯ ದಾಳದ ಹಾಗೆ ಉದ್ದಕ್ಕಿಲ್ಲ, ಇದಕ್ಕೆ 14 ಮುಖ. ಒಂದೊಂದರ ಮೇಲೂ ಚೀನೀ ಅಕ್ಷರದಲ್ಲಿ ಒಂದು ಶಿಕ್ಷೆ. ಒಂದರಲ್ಲಿ 'ಮೂರು ಬಟ್ಟಲು ಒಟ್ಟಿಗೆ ಕುಡಿ'. ಆದರೆ ಉಳಿದವನ್ನು ನೋಡಿ: ಸಂಗೀತ ಇಲ್ಲದೆ ಕುಣಿ, ಪದ್ಯ ಹೇಳು, ಯಾರನ್ನಾದರೂ ಹಾಡಲು ಕೇಳು, ಮುಖಕ್ಕೆ ಕಚಗುಳಿ ಇಟ್ಟರೂ ಅಲ್ಲಾಡಬೇಡ, ಎಲ್ಲರೂ ಮೂಗಿಗೆ ಹೊಡೆದರೂ ಸುಮ್ಮನಿರು. ಅರ್ಧಕ್ಕಿಂತ ಹೆಚ್ಚು ಮುಖಗಳಲ್ಲಿ 'ಕುಡಿ' ಅನ್ನೋ ಮಾತೇ ಇಲ್ಲ! ಸಾವಿರ ವರ್ಷ ಕೆಸರಲ್ಲಿ ಉಳಿದ ಆ ದಾಳ, ಸಂರಕ್ಷಣೆಗೆ ಅಂತ ಒಣಗಿಸುವಾಗ ಯಂತ್ರದಲ್ಲಿ ಸುಟ್ಟುಹೋಯಿತು. ಈಗಿರೋದು ಅದರ ಪ್ರತಿಕೃತಿ. ಓದುವಾಗ ಹೊಟ್ಟೆ ಚುರುಕ್ ಅಂತು.

ಈ ಮೇಜಿಗೆ ಕರೆಯದೆ ಬರೋ ಅತಿಥಿ ಇನ್ನೊಬ್ಬನಿದ್ದಾನೆ, ಸರ್ಕಾರ. ಅಕ್ಕಿಯ ಕೊರತೆ ಅಂತ ಕೊರಿಯಾ ಸರ್ಕಾರ 1965ರಲ್ಲಿ ಧಾನ್ಯದಿಂದ ಸೋಜು ಇಳಿಸೋದನ್ನು ನಿಲ್ಲಿಸಿತು. ಗೆಣಸು, ಮರಗೆಣಸಿನ ಸ್ಪಿರಿಟ್‌ಗೆ ನೀರು ಬೆರೆಸಿದ ಅಗ್ಗದ ಸೋಜು ಮನೆಮನೆಗೆ ಬಂತು. ಇವತ್ತಿನ ಹಸಿರು ಬಾಟಲಿ ಅದರ ಮೊಮ್ಮಗು. ಪುಣೆಯಲ್ಲೋ, ಕಾಗದದ ಪ್ರಕಾರ ಇವತ್ತಿಗೂ ಕುಡಿಯೋಕೆ ಪರ್ಮಿಟ್ ಬೇಕು. 1949ರ ಬಾಂಬೆ ಪಾನನಿರೋಧ ಕಾಯ್ದೆಯ ಫಲ. 1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ, ಬೆಳಗಾವಿಗಳೂ ಬಾಂಬೆ ರಾಜ್ಯದಲ್ಲೇ ಇದ್ದವು, ಅದೇ ಕಾಯ್ದೆಯ ಕೆಳಗೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ನಮ್ಮ ಮಾವನಿಗೆ ಅದು ಎರಡು ವರ್ಷ ತಡವಾಗಿತ್ತು. ಸಾರಾಯಿ ನಿಂತರೂ ಕುಡಿತ ನಿಲ್ಲಲಿಲ್ಲ, ಜನ ಅಗ್ಗದ ವಿಸ್ಕಿ, ರಮ್ಮಿಗೆ ಹೊರಳಿದರು.

2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಅದೇ ವರ್ಷದ ಜುಲೈನಲ್ಲಿ ಕೊರಿಯಾದಲ್ಲಿ ಕೆಲಸದ ಜಾಗದ ಕಿರುಕುಳ ತಡೆಯುವ ಕಾನೂನು ಜಾರಿಗೆ ಬಂತು. ಕೆಳಗಿನವರಿಗೆ ಬಲವಂತವಾಗಿ ಕುಡಿಸೋದೂ ಕಿರುಕುಳ ಅಂತ ಅಲ್ಲಿ ಎಣಿಸ್ತಾರೆ. ಇಲ್ಲಿ ಮೇಜಿಲ್ಲದ ಕುಡಿತ ಮನೆ ಮುರಿಯಿತು. ಅಲ್ಲಿ ಮೇಜಿನಿಂದ ಏಳಲಾಗದ ಕುಡಿತ ಜನರನ್ನು ಹಣ್ಣು ಮಾಡಿತು. ಎರಡೂ ಕಡೆ ಯಾರೋ 'ಸಾಕು' ಅನ್ನಬೇಕಾಯಿತು.

ನನಗೆ ಆ ದಾಳ ಇಷ್ಟವಾಗೋದು ಇದಕ್ಕೇ. ಸೋತವನಿಗೂ ಅದು ಕುಡಿಯದೆ ಕೂತುಕೊಳ್ಳುವ ದಾರಿ ಕೊಡ್ತಿತ್ತು. ಪುಣೆಯ ಆ ಹಿರಿಯರೂ ಅಷ್ಟೇ ಮಾಡಿದ್ದು. ನಮ್ಮ ಮಾವನ ಎದುರಿಗೆ ಒಂದು ದಿನವಾದರೂ ಯಾರಾದರೂ ಕೂತು, ಎರಡೂ ಕೈಯಲ್ಲಿ ಒಂದು ಲೋಟ ನೀರು ಕೊಟ್ಟಿದ್ದರೆ ಅಂತ ಆಗಾಗ ಅನ್ನಿಸ್ತದೆ.