ಜಂತುಹುಳು: ಹೊಟ್ಟೆಗಷ್ಟೇ ಅಲ್ಲ, ರೋಗನಿರೋಧಕ ಶಕ್ತಿಗೂ ಪೆಟ್ಟು
ವಿಜಯಪುರ: ‘ಹೊಟ್ಟ್ಯಾಗ ಜಂತು ಆಗ್ಯಾವ’ ಅಂತ ಹಗುರವಾಗಿ ಬಿಡುವಂತಿಲ್ಲ. ಜಂತುಹುಳು ಕರುಳು ಸೇರಿದರೆ ದೇಹ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿಸಿ ಹೋರಾಡುತ್ತದೆ. ರಕ್ತದ ರಿಪೋರ್ಟಿನಲ್ಲಿ ಇದು ಏರಿದ್ದರೆ ಅಲರ್ಜಿಯಷ್ಟೇ ಅಲ್ಲ, ಜಂತುವೂ ಕಾರಣವಿರಬಹುದು. ಹುಳುಗಳೂ ಸುಮ್ಮನಿರಲ್ಲ, ತಾವು ಉಳಿಯಲು ರೋಗನಿರೋಧಕ ಶಕ್ತಿಯನ್ನೇ ಮಂದ ಮಾಡುವ ಪದಾರ್ಥ ಬಿಡುತ್ತವೆ. ಇದರಿಂದ ಕೆಲವು ಲಸಿಕೆಗಳ ಪರಿಣಾಮವೂ ತಗ್ಗಬಹುದು.

ಕೊಕ್ಕೆಹುಳುವಿನ ಮರಿ ಹಸಿ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳಲ್ಲಿ ರಕ್ತ ಹೀರುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ದುಡಿಯುವಾಗ ಕಾಲಲ್ಲಿ ಚಪ್ಪಲಿ ಇರಲಿ.

2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಗುಳಿಗೆ ಉಚಿತ. 2 ವರ್ಷದೊಳಗಿನವರಿಗೆ ಅರ್ಧ, ಉಳಿದವರಿಗೆ 400 ಮಿ.ಗ್ರಾಂ.ನ ಪೂರ್ತಿ ಗುಳಿಗೆ. ಗುಳಿಗೆ ಹೊಟ್ಟೆಯ ಹುಳು ಕೊಲ್ಲುತ್ತದೆ, ಮಣ್ಣಿನಲ್ಲಿರುವ ತತ್ತಿಯನ್ನಲ್ಲ. ಶೌಚಾಲಯ, ಸಾಬೂನು ಮರೆಯಬಾರದು.