ಸಿಹಿಯ ಬಾಣಲೆ, ಸೀಸದ ಬೆಸುಗೆ

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ಕಂಡವರಿಗೆ ಉತ್ತರ ಅಮೆರಿಕದ ಮೇಪಲ್ ಪಾಕದ ಕಥೆ ತೀರ ಪರಕೀಯವೆನಿಸದು. ಚಳಿಗಾಲದ ಕೊನೆಯಲ್ಲಿ, ಇರುಳು ಹಿಮಗಟ್ಟಿ ಹಗಲು ಕರಗುವ ದಿನಗಳಲ್ಲಿ, ವರ್ಮಾಂಟ್, ಕ್ವಿಬೆಕ್ ಮೊದಲಾದೆಡೆ ಮೇಪಲ್ ಮರಗಳಿಂದ ರಸ ಒಸರುತ್ತದೆ. ಅದರಲ್ಲಿ ಸಕ್ಕರೆ ಶೇಕಡಾ 2ರ ಆಸುಪಾಸು. ಪಾಕದಲ್ಲಿ ಅದು ಶೇಕಡಾ 66ರಷ್ಟಿರಬೇಕು. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು, ಉಳಿದದ್ದೆಲ್ಲ ಆವಿ. ಹಾಗಾಗಿ ಈ ಕಸುಬಿನ ಚರಿತ್ರೆ ಬಹುಮಟ್ಟಿಗೆ ಪಾತ್ರೆಯ ಚರಿತ್ರೆಯೇ.

ಅನಿಶಿನಾಬೆ, ಅಬೆನಾಕಿ ಮೊದಲಾದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯ ಪಾತ್ರೆಗಳಲ್ಲಿ ರಸ ಸಂಗ್ರಹಿಸುತ್ತಿದ್ದರು. ಯುರೋಪಿಯನ್ನರೊಡನೆ ಲೋಹದ ಕಡಾಯಿಗಳು ಬಂದವು. 1791ರ ಸುಮಾರಿಗೆ ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಷ್, ಗುಲಾಮರ ದುಡಿಮೆಯಿಂದ ಬರುವ ಕಬ್ಬಿನ ಸಕ್ಕರೆಗೆ ಮೇಪಲ್ ಸಕ್ಕರೆಯೇ ಬದಲಿಯೆಂದು ಥಾಮಸ್ ಜೆಫರ್ಸನ್ ಅವರಿಗೆ ಬರೆದರು. ಜೆಫರ್ಸನ್ ಮಾಂಟಿಸೆಲೊದಲ್ಲಿ ಮೇಪಲ್ ಸಸಿಗಳನ್ನು ನೆಡಿಸಿದರು. ಆ ಎಸ್ಟೇಟಿನಲ್ಲಿ ದುಡಿಯುತ್ತಿದ್ದವರೂ ಗುಲಾಮರೇ. ಅಂತೂ ಈ ಸಿಹಿಗೆ 'ನಿಷ್ಕಳಂಕ'ವೆಂಬ ಕೀರ್ತಿ ಅಂಟಿತು.

ಕಡಾಯಿಯಲ್ಲಿ ಪಾಕ ಅಂಚಿಗೆ ಅಂಟಿ ಸೀಯುತ್ತಿತ್ತು, ಬಣ್ಣ ಕಪ್ಪಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಚಪ್ಪಟೆ ತಗಡಿನ ಬಾಣಲೆ ಬಂದಿತು. ಮೇಲ್ಮೈ ಅಗಲವಾದಷ್ಟೂ ಆವಿ ಬೇಗ ಏಳುತ್ತದೆ. 1858ರಲ್ಲಿ ಒಹಾಯೊದ ಡಿ. ಎಂ. ಕುಕ್ ಅಡ್ಡಗೋಡೆಗಳಿದ್ದ ಇಂಥ ಬಾಣಲೆಗೆ ಪೇಟೆಂಟ್ ಪಡೆದರು. ಕೊಳ್ಳಲಾಗದ ರೈತರು ತಾವೇ ತಗಡು ಮಡಚಿದರು. ಮೂಲೆಗಳನ್ನು ಕತ್ತರಿಸದೆ ಲಕೋಟೆಯಂತೆ ಮಡಿಸಿದರೆ ಸೋರಿಕೆಯ ಭಯವಿಲ್ಲ. ಆದರೆ ದೊಡ್ಡ ಬಾಣಲೆಗೆ, ರಸ ಹರಿಸುವ ನಳಿಗೆಗೆ ಬೆಸುಗೆ ಅನಿವಾರ್ಯ.

ಈ ಬೆಸುಗೆಯ ಗುಟ್ಟು ಸರಳ. ತವರ, ಸೀಸ ಸಮಪಾಲು ಬೆರೆತ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಒಲೆಯ ಬೆಂಕಿ ಅದಕ್ಕಿಂತ ಎಷ್ಟೋ ಬಿಸಿ. ಆದರೂ ಬೆಸುಗೆ ಉಳಿಯುತ್ತದೆ; ಏಕೆಂದರೆ ಒಳಗಿನ ರಸ ತಗಡನ್ನು ತನ್ನ ಕುದಿಬಿಂದುವಿನ ಹತ್ತಿರವೇ ಹಿಡಿದಿಡುತ್ತದೆ. ಪಾಕ ಸಿದ್ಧವಾಗುವಾಗಲೂ ಅದು 104 ಡಿಗ್ರಿಯಷ್ಟೇ. ಬಾಣಲೆ ಒಣಗಿತೋ, ಬೆಸುಗೆ ಬಿಡುತ್ತದೆ. ದಿನದ ದುಡಿಮೆ ಬೆಂಕಿಯ ಪಾಲಾಗುತ್ತದೆ. ಒಲೆಯ ಪಕ್ಕ ರಾತ್ರಿಯಿಡೀ ಎಚ್ಚರವಿರಬೇಕಾದ ಕಾರಣಗಳಲ್ಲಿ ಇದೂ ಒಂದು.

ಕಣ್ಣಿಗೆ ಕಾಣುವ ಈ ಅಪಾಯವನ್ನು ಎಲ್ಲರೂ ಬಲ್ಲರು. ಕಾಣದ ಅಪಾಯ ಬೇರೆಯಿತ್ತು. ರಸ ತುಸು ಆಮ್ಲೀಯ. ಬಾಣಲೆಯಲ್ಲಿ ನಿಂತು ಹುಳಿಯಾದರೆ ಬೆಸುಗೆಯ ಸೀಸವನ್ನು ಇನ್ನಷ್ಟು ಸೆಳೆದುಕೊಳ್ಳುತ್ತದೆ. ನೀರು ಆವಿಯಾಗುತ್ತದೆ, ಸೀಸ ಆಗದು. ಅದೂ ಸಕ್ಕರೆಯೊಡನೆ ಸಾಂದ್ರಗೊಳ್ಳುತ್ತದೆ. ಮಕ್ಕಳ ಬೆಳೆಯುವ ಮಿದುಳಿಗೆ ಸೀಸ ವಿಷ. ಅಮೆರಿಕವು 1986ರಲ್ಲಿ ಕುಡಿಯುವ ನೀರಿನ ಕೊಳಾಯಿಗಳಿಗೆ, 1995ರಲ್ಲಿ ಆಹಾರದ ಡಬ್ಬಿಗಳಿಗೆ ಸೀಸದ ಬೆಸುಗೆಯನ್ನು ನಿಷೇಧಿಸಿತು. ಮೇಪಲ್ ಕಸುಬಿನಲ್ಲೂ ತವರ ಮತ್ತು ಬೆಳ್ಳಿಯ ಬೆಸುಗೆ, ಸ್ಟೇನ್‌ಲೆಸ್ ಸ್ಟೀಲಿನ ವೆಲ್ಡಿಂಗ್ ಬಂದವು. ಅಜ್ಜನ ಕಾಲದ ಬಾಣಲೆ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಬದಿಗಿಡಬೇಕಾಯಿತು.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದ ಕಾಲವನ್ನು ನಮ್ಮಲ್ಲಿ ಹಲವರು ಮುಂಬಯಿ, ಪುಣೆಗಳ ಚಾಳುಗಳಲ್ಲಿ ಕಂಡಿದ್ದೇವೆ. ನವಸಾಗರದ ಬಿಳಿ ಹೊಗೆಯಲ್ಲಿ ತವರ ಮಿಂಚುತ್ತಿದ್ದುದನ್ನು ಮೆಚ್ಚುತ್ತಿದ್ದ ನಾವು, ಅದರಲ್ಲಿ ಸೀಸ ಬೆರೆತಿದೆಯೇ ಎಂದು ಕೇಳಿದವರಲ್ಲ. ಮೇಪಲ್ ರೈತನೂ ಕೇಳಲಿಲ್ಲ. ಅವನು ಮೋಸಗಾರನಲ್ಲ, ತನ್ನ ಮಕ್ಕಳಿಗೂ ಅದೇ ಪಾಕವನ್ನು ಬಡಿಸಿದವನು. ಪದಾರ್ಥದ ನಿಷ್ಕಳಂಕತೆಯನ್ನು ಹೊಗಳುವಾಗ ಪಾತ್ರೆಯ ಮೂಲೆಯನ್ನೂ ನೋಡಬೇಕೆಂಬುದನ್ನು ಈ ಚರಿತ್ರೆಯಿಂದ ನಾವು ಕಲಿಯುತ್ತೇವೆ.