ಕೂಸಿನ ಖೋಲಿಗೆ ಹಚ್ಚಿದ ಬಣ್ಣ

ಕೂಸಿಗಂತ ಒಂದು ಬ್ಯಾರೆ ಖೋಲಿ, ಗ್ವಾಡಿ ಮ್ಯಾಲೆ ಆನಿ, ಜಿಂಕಿ, ಚುಕ್ಕಿ ಚಂದ್ರಾಮ – ಇದೆಲ್ಲಾ ನಮ್ಮ ಧಾರವಾಡದ ಕಡೆ ತೀರಾ ಈಚಿನ ಮಾತು. ಹಳೇ ಮನ್ಯಾಗ ಬಾಣಂತಿ ಖೋಲಿ ಇರ್ತಿತ್ತು, ಕೂಸಿನ ಖೋಲಿ ಇರ್ತಿದ್ದಿಲ್ಲ. ಗ್ವಾಡಿಗೆ ಬರೇ ಸುಣ್ಣ, ಕೆಳಗೊಂದು ಕೆಮ್ಮಣ್ಣಿನ ಪಟ್ಟಿ. ಸಿಂಗಾರ ಏನಿದ್ರೂ ತೊಟ್ಟಿಲಕ್ಕ. ಕಲಘಟಗಿ ತೊಟ್ಟಿಲ ಯಾರಿಗೆ ಗೊತ್ತಿಲ್ಲ ಹೇಳ್ರಿ? ಸಾಗವಾನಿ ಕಟಗಿ, ಅರಗಿನ ಬಣ್ಣ, ಅದರಾಗ ರಾಮಾಯಣದ, ಕೃಷ್ಣನ ಚಿತ್ರ. ಮಲಗಿದ ಕೂಸಿಗೆ ಅದ ಖೋಲಿ, ಅದ ಗ್ವಾಡಿ.

ಮಕ್ಕಳಿಗಂತನ ಗ್ವಾಡಿ ಸಿಂಗರಿಸೋ ರೂಢಿ ಹತ್ತೊಂಬತ್ತನೇ ಶತಮಾನದ ಇಂಗ್ಲಂಡಿನಾಗ ಜೋರಾಗಿ ಬೆಳೀತು. ಅಲ್ಲಿ ಗ್ವಾಡಿಗೆ ಬಣ್ಣದ ಕಾಗದ ಅಂಟಸ್ತಿದ್ರು. ವಾಲ್ಟರ್ ಕ್ರೇನ್ ಅಂತ ಒಬ್ಬ ಚಿತ್ರಕಾರ, ಮಕ್ಕಳ ಪುಸ್ತಕಕ್ಕ ಚಿತ್ರ ಬರೀತಿದ್ದಾಂವ, 1875ರಿಂದ ಮಕ್ಕಳ ಖೋಲಿಗೆ ಅಂತನ ಕಾಗದದ ಚಿತ್ರ ಬರದು ಕೊಟ್ಟ. ಭಾಳ ಛಂದ ಅವು. ಆದ್ರ ಛಂದದ ಕೆಳಗ ಏನಿತ್ತು ಅಂಬೋದು ಬ್ಯಾರೆ ಕಥಿ.

1775ರಾಗ ಸ್ವೀಡನ್ನಿನ ಶೀಲೆ ಅನ್ನೋ ರಸಾಯನ ಪಂಡಿತ ತಾಮ್ರ ಮತ್ತ ಪಾಷಾಣ ಕೂಡಿಸಿ ಒಂದು ಹಸರು ಬಣ್ಣ ಮಾಡಿದ್ದ. ಹೌದ್ರಿ, ಇಲಿಗೆ ಇಡತಿದ್ರಲ್ಲಾ, ಅದ ಪಾಷಾಣ. ಆ ಹಸರು ಅಗ್ಗ, ಕಣ್ಣಿಗೆ ತಂಪು, ಹಿಂಗಾಗಿ ಇಂಗ್ಲಂಡಿನ ಮನಿಮನಿ ಗ್ವಾಡಿಗೆ ಬಂತು. 1862ರಾಗ ಲಂಡನ್ನಿನ ಲೈಮ್‌ಹೌಸ್ ಅನ್ನೋ ಬಡವರ ಓಣ್ಯಾಗ ಒಂದ ಮನಿಯ ನಾಕು ಮಕ್ಕಳು ಒಂದರ ಹಿಂದೊಂದು ತೀರಿಕೊಂಡ್ವು. ಮೊದಲು ಗಂಟಲಬ್ಯಾನಿ ಅಂದ್ರು. ಆಮ್ಯಾಲೆ ಮಲಗೋ ಖೋಲ್ಯಾಗಿನ ಹಸರು ಕಾಗದ ಪರೀಕ್ಷಾ ಮಾಡಿದ್ರ ಅದರ ತುಂಬ ಪಾಷಾಣ. ಆ ತಾಯಿ, ಮನಿ ಛಂದ ಕಾಣಲಿ ಅಂತನ ಅಂಟಿಸಿರಬೇಕು.

ವಿಚಿತ್ರ ಅಂದ್ರ, ಇಂಥಾ ಕಾಗದ ನಿಲ್ಲಸ್ರಿ ಅಂತ ಬ್ರಿಟನ್ನಿನಾಗ ಕಾನೂನು ಬರಲೇ ಇಲ್ಲ. ಮಂದಿನ ಕೊಳ್ಳೋದು ಬಿಟ್ರು. ಅಂಗಡ್ಯಾಗ ಪಾಷಾಣ ಅದ ಏನು ಅಂತ ಕೇಳಾಕ ಹತ್ತಿದ್ರು. ಕಾರಖಾನಿಯವರು ತಾವಾಗಿ 'ಪಾಷಾಣ ಇಲ್ಲದ್ದು' ಅಂತ ಜಾಹೀರಾತು ಕೊಟ್ರು.

ಪಾಷಾಣ ಹೋತು, ಸೀಸ ಉಳೀತು. ಸೀಸ ಹಾಕಿದ ಬಣ್ಣ ಲಗೂನ ಒಣಗ್ತದ, ಭಾಳ ದಿನ ತಾಳ್ತದ, ಕೆಂಪು ಹಳದಿ ಝಗಝಗ ಅಂತಾವ. ಉದುರಿದ ಹಕ್ಕಳಿ ರುಚಿ ಸಿಹಿ, ಅದಕ್ಕ ಹುಡುಗ್ರು ಬಾಯಾಗ ಹಾಕ್ಕೋತಾವ. ಆಸ್ಟ್ರೇಲಿಯಾದ ಬ್ರಿಸ್ಬೇನಿನಾಗ ಗಿಬ್ಸನ್ ಅನ್ನೋ ಕಣ್ಣಿನ ಡಾಕ್ಟರು, ಮಕ್ಕಳಿಗೆ ಸೀಸ ಏರತಿರೋದು ಪಡಸಾಲಿ ಕಟಾಂಜನದ ಬಣ್ಣದಿಂದ ಅಂತ 1904ರಾಗ ಬರದು ತೋರಿಸಿದರು. ಬಿಸಲಿಗೆ ಬಣ್ಣ ಪುಡಿಯಾಗಿ ಕೈಗೆ ಹತ್ತತಿತ್ತು, ಉಗರು ಕಡಿಯೋ ಮಕ್ಕಳ ಹೊಟ್ಟಿಗೆ ಹೋಗತಿತ್ತು. ಅಲ್ಲಿ ಕಾನೂನು ಬರಾಕ 1922 ಆತು. ಅಮೇರಿಕಾದಾಗ 1978. ನಮ್ಮ ದೇಶದಾಗ? ನಿಯಮ ಹೊರಟಿದ್ದು 2016ರಾಗ, ಜಾರಿಗೆ ಬಂದಿದ್ದು 2017ರ ನವೆಂಬರಿಗೆ. ಮನಿ ಬಣ್ಣದಾಗ ಹತ್ತು ಲಕ್ಷ ಭಾಗಕ್ಕ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅಂತ. ಅದಕ್ಕೂ ಮೊದಲ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಮಕ್ಕಳ ರಕ್ತದಾಗಿನ ಸೀಸದ ಬಗ್ಗೆ ವರ್ಷಾನುಗಟ್ಟಲೆ ಕೂಗಿ ಹೇಳಿದ್ರು.

ಅಂದ್ರ ನಮ್ಮ ಹಳೇ ಬಾಗಲಾ, ಕಿಟಕಿ, ಕಪಾಟಿಗೆ ಹೊಡದ ಆಯಿಲ್ ಪೇಂಟಿನಾಗ ಸೀಸ ಇರಬಹುದು. ಇದ್ದಲ್ಲೇ ಗಟ್ಟಿ ಕೂತಿದ್ರ ತ್ರಾಸಿಲ್ಲ. ಹೊಸಾ ಬಣ್ಣಕ್ಕಂತ ಒಣಾದ್ದನ್ನ ಉಸುಕಿನ ಕಾಗದದಲೆ ತಿಕ್ಕಸ್ತೀವಲ್ಲಾ, ಆ ಧೂಳು ಖೊಟ್ಟಿ. ನೀರು ಹೊಡದು ತೋಯಿಸಿ ತಿಕ್ಕಸ್ರಿ, ಒದ್ದಿ ಅರಬಿಲೆ ಒರಸ್ರಿ. ಬಸರಿ ಹೆಣ್ಮಗಳು, ಸಣ್ಣ ಹುಡುಗ್ರು ಆ ನಾಕು ದಿನ ತವರಮನ್ಯಾಗ ಇರಲಿ.

ಇನ್ನ ಅಜ್ಜಿ ಕಾಲದ ಕಲಘಟಗಿ ತೊಟ್ಟಿಲ. ಎಷ್ಟೋ ಮಂದಿ ಅದರ ಅರಗಿನ ಬಣ್ಣ ಮಾಸೇದ ಅಂತ ಮ್ಯಾಲೆ ಅಂಗಡಿ ಪೇಂಟು ಹೊಡಿಸ್ಯಾರ. ಹಲ್ಲು ಬರೋ ಕೂಸು ಮೊದಲು ಕಚ್ಚೋದು ಆ ತೊಟ್ಟಿಲದ ಅಂಚನ್ನ. ಯಾವ ವರ್ಷ ಹೊಡಿಸಿದ್ದು ಅಂತ ನಿಮ್ಮ ಅತ್ತಿಯವರನ್ನ ಒಮ್ಮೆ ಕೇಳಿ ನೋಡ್ರಿ.